ಡಿಜಿಟಲ್ ಕ್ಯಾಮೆರಾಕ್ಕೆ ಮೆಮೊರಿ ಕಾರ್ಡಿನ ಆಯ್ಕೆ

ಎಲೆಚುಕ್ಕೆ ರೋಗದ ಅಡಿಕೆ ಗರಿಯನ್ನಾಗಲಿ, ಆಲಿಕಲ್ಲಿಗೆ ಸಿಕ್ಕ ದ್ರಾಕ್ಷಿಯನ್ನಾಗಲಿ ಚಿತ್ರ ತೆಗೆದಿಡುವ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರು ಕಾರ್ಡಿನ ಬಗ್ಗೆ ಉದಾಸೀನ ಮಾಡಬಾರದು. ಕಾರ್ಡು ಕೆಟ್ಟರೆ ಅಂದಿನ ಹಾನಿಯ ದಾಖಲೆ ಮತ್ತೆ ಸಿಗದು.

ಮೊದಲು ಕ್ಯಾಮೆರಾ ಯಾವ ಬಗೆಯ ಕಾರ್ಡನ್ನು ಒಪ್ಪುತ್ತದೆಂದು ಅದರ ಕೈಪಿಡಿಯಲ್ಲಿ ನೋಡಬೇಕು. ಎಸ್.ಡಿ. ಕಾರ್ಡು 2 ಜಿ.ಬಿ.ವರೆಗೆ, ಎಸ್.ಡಿ.ಎಚ್.ಸಿ. 32 ಜಿ.ಬಿ.ವರೆಗೆ, ಎಸ್.ಡಿ.ಎಕ್ಸ್.ಸಿ. ಅದಕ್ಕೂ ಮೇಲೆ. ಮೂರರ ಆಕಾರವೂ ಒಂದೇ. ಆದರೆ ಹಳೆಯ ಎಸ್.ಡಿ. ಕ್ಯಾಮೆರಾ ಉಳಿದೆರಡನ್ನು ಓದಲಾರದು.

ಚಿತ್ರವೊಂದಕ್ಕೆ 5 ಎಂ.ಬಿ. ಹಿಡಿದರೂ 16 ಜಿ.ಬಿ.ಯಲ್ಲಿ ಸುಮಾರು 3,000 ಚಿತ್ರಗಳು ಹಿಡಿಯುತ್ತವೆ. ಆದುದರಿಂದ ದೊಡ್ಡದೊಂದರ ಬದಲು ಸಣ್ಣವೆರಡನ್ನು ಕೊಳ್ಳುವುದೇ ಲೇಸು. ಸೆಕೆಂಡಿಗೆ ಕನಿಷ್ಠ 10 ಎಂ.ಬಿ. ಬರೆಯುವ 10ನೇ ಕ್ಲಾಸಿನ ಕಾರ್ಡು ಸ್ಥಿರಚಿತ್ರಗಳಿಗೆ ಧಾರಾಳವಾಯಿತು.

ಅಗ್ಗಕ್ಕೆ ಸಿಗುವ ನಕಲಿ ಕಾರ್ಡು 64 ಜಿ.ಬಿ. ಎಂದು ತೋರಿಸಿ 8 ಜಿ.ಬಿ.ಯಷ್ಟೇ ಹಿಡಿಯುವುದುಂಟು, ಮಿಕ್ಕ ಚಿತ್ರಗಳು ಸುಳಿವಿಲ್ಲದೆ ಹಾಳಾಗುತ್ತವೆ. ಬಿತ್ತುವ ಮುನ್ನ ಬೀಜದ ಮೊಳಕೆ ನೋಡುವಂತೆ, ಹೊಸ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಒಮ್ಮೆ ಪೂರ್ತಿ ತುಂಬಿಸಿ, ಎಲ್ಲ ಚಿತ್ರಗಳೂ ಕಂಪ್ಯೂಟರಿನಲ್ಲಿ ತೆರೆಯುತ್ತವೆಯೇ ಎಂದು ಪರೀಕ್ಷಿಸತಕ್ಕದ್ದು. ಕೈತಪ್ಪಿ ಚಿತ್ರ ಅಳಿಸಿದಲ್ಲಿ ಆ ಕಾರ್ಡನ್ನು ಮತ್ತೆ ಬಳಸದೆ ತೆಗೆದಿಡಬೇಕು. ತಂತ್ರಾಂಶದ ನೆರವಿನಿಂದ ಮರಳಿ ಪಡೆಯಲು ಆಗ ಅವಕಾಶವಿರುತ್ತದೆ.