ಬಾಯಿಮಾತಿನ ಲೆಕ್ಕ, ಬಿಲ್ಲಿನ ಲೆಕ್ಕ

ಚನ್ನಗಿರಿಯ ಅಡಿಕೆ ಬೆಳೆಗಾರರ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಹಳೆಯ ಕಾರು. ಗೇರು ಸರಿಯಾಗಿ ಬೀಳುತ್ತಿಲ್ಲವೆಂದು ಯಜಮಾನರು ಅದನ್ನು ಗ್ಯಾರೇಜಿಗೆ ಬಿಟ್ಟರು. ‘ಕ್ಲಚ್ ಪ್ಲೇಟ್ ಸವೆದಿದೆ ಸಾರ್, ಹದಿನೈದು ಸಾವಿರ ಆಗಬಹುದು’ ಎಂದರು ಮೆಕ್ಯಾನಿಕ್. ನಾಲ್ಕು ದಿನ ಬಿಟ್ಟು ಹೋದಾಗ ಬಿಲ್ಲು 38 ಸಾವಿರ. ‘ಬಿಚ್ಚಿದ ಮೇಲೆ ಇನ್ನೂ ಏನೇನೋ ಹೋಗಿತ್ತು, ಹಾಕಿದ್ದೇವೆ’ ಎಂಬ ಉತ್ತರ. ದುಡ್ಡು ಕೊಡದೆ ಗಾಡಿ ಬಿಡುವುದಿಲ್ಲ. ಮಗಳ ಕಾಲೇಜು ಫೀಸಿಗೆಂದು ತೆಗೆದಿಟ್ಟ ಹಣ ಅಲ್ಲಿಗೆ ಹೋಯಿತು.

ಹೊನ್ನಾಳಿ, ನ್ಯಾಮತಿ, ಜಗಳೂರು ಎನ್ನದೆ ಕಾರಿರುವ ಯಾವ ಮನೆಗೂ ಬರಬಹುದಾದ ಪ್ರಸಂಗ ಇದು. ಆಗ ಗಿರಾಕಿಗೆ ದಾರಿ ಏನು?

ತಪ್ಪು ಎಲ್ಲಿದೆ?

ಎಂಜಿನ್ ಬಿಚ್ಚಿದ ಮೇಲೆ ಹೊಸ ದೋಷ ಕಾಣುವುದು ಸಹಜ. ಅಂದಾಜು ಏರಿದ್ದಷ್ಟೇ ಮೋಸವಲ್ಲ. ಗಿರಾಕಿಯನ್ನು ಕೇಳದೆ ಕೆಲಸ ಮುಂದುವರಿಸಿದ್ದು ತಪ್ಪು. ಆದರೆ ‘ಕೇಳಲಿಲ್ಲ’ ಎಂದು ಸಾಧಿಸಲು ಕಾಗದ ಬೇಕು. ಗಾಡಿ ಬಿಡುವಾಗಲೇ ಜಾಬ್ ಕಾರ್ಡಿನಲ್ಲಿ ದೋಷ, ಅಂದಾಜು ಮೊತ್ತ, ಕಿಲೋಮೀಟರ್ ಬರೆಸಬೇಕು. ‘ಒಪ್ಪಿಗೆಯಿಲ್ಲದೆ ಹೆಚ್ಚಿನ ಕೆಲಸ ಬೇಡ’ ಎಂಬ ಒಂದು ಸಾಲು ಸೇರಿಸಿ ಸಹಿ ಹಾಕಬೇಕು. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಬೇಕು. ಬಿಲ್ಲಿನಲ್ಲಿ ಬಿಡಿಭಾಗದ ಬೆಲೆ, ಕೂಲಿ, ತೆರಿಗೆ ಬೇರೆ ಬೇರೆ ಇರಲಿ. ಬಿಲ್ಲು ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಹೇಳುತ್ತದೆ.

ಗಾಡಿ ತಡೆಹಿಡಿದರೆ?

ಗ್ಯಾರೇಜಿನವರಿಗೂ ಹಕ್ಕುಂಟು. ತಾನು ದುಡಿದು ಸರಿಪಡಿಸಿದ ವಸ್ತುವನ್ನು ನ್ಯಾಯವಾದ ಕೂಲಿ ಕೈಸೇರುವ ತನಕ ಇಟ್ಟುಕೊಳ್ಳಬಹುದೆಂದು 1872ರ ಭಾರತೀಯ ಕರಾರು ಕಾಯಿದೆಯ 170ನೇ ಕಲಮು ಹೇಳುತ್ತದೆ. ಆದ್ದರಿಂದ ಜಗಳವಾಡಿ ಗಾಡಿ ಎಳೆದು ತರುವುದು ಸಲ್ಲ. ಗಾಡಿ ತುರ್ತಾಗಿ ಬೇಕಿದ್ದರೆ ‘ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ’ ಎಂದು ಬರೆದು ಹಣ ಕೊಟ್ಟು, ರಶೀದಿ ಪಡೆದು, ಅನಂತರ ದೂರು ಕೊಡಬಹುದು. ಇಲ್ಲವೇ ದೂರಿನ ಜೊತೆಗೇ ಗಾಡಿ ಬಿಡಿಸಿಕೊಡುವಂತೆ ಮಧ್ಯಂತರ ಆದೇಶ ಕೋರಬಹುದು.

ದೂರು ಎಲ್ಲಿ?

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿಯವರಿಗೆ ಇಂದಿಗೂ ದಾವಣಗೆರೆಗಿಂತ ಶಿವಮೊಗ್ಗವೇ ಹತ್ತಿರ. ಅಲ್ಲಿ ರಿಪೇರಿ ಮಾಡಿಸಿದವರು 1986ರ ಹಳೆಯ ಕಾಯಿದೆಯಂತೆ ಅಲ್ಲಿಯೇ ದೂರು ಕೊಡಬೇಕಿತ್ತು. 2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಕಾಯಿದೆ ಈ ತೊಡಕು ನಿವಾರಿಸಿದೆ. ಗ್ಯಾರೇಜು ಬೆಂಗಳೂರಿನಲ್ಲಿದ್ದರೂ ಗಿರಾಕಿ ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ, ಅಂದರೆ ದಾವಣಗೆರೆಯಲ್ಲಿಯೇ, ದೂರು ಸಲ್ಲಿಸಬಹುದು.

ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ‘ಇ-ಜಾಗೃತಿ’ ಜಾಲತಾಣದ ಮೂಲಕವೂ ಸಲ್ಲಿಸಬಹುದು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಬಹುದು. ತೀರ್ಪಿಗೆ ಕಾಯಿದೆ ಹೇಳುವ ಗಡುವು ಮೂರು ತಿಂಗಳು, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು. ನಿಜದಲ್ಲಿ ಇನ್ನೂ ಹೆಚ್ಚು ಕಾಲ ಹಿಡಿಯುವುದುಂಟು. ಇಬ್ಬರೂ ಒಪ್ಪಿದರೆ ಸಂಧಾನಕ್ಕೂ ಅವಕಾಶವಿದೆ.

ದೊಡ್ಡವರ ಲೆಕ್ಕ

ರಿಪೇರಿ ದುಬಾರಿಯಾಗಲು ಊರಿನ ಗ್ಯಾರೇಜೊಂದೇ ಕಾರಣವಲ್ಲ. ಅಸಲಿ ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪೆನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತ್ತು. ವಿಷಯ ಮೇಲ್ಮನವಿಗಳಿಗೆ ಹೋಯಿತು. ಆದರೂ ಬಿಡಿಭಾಗದ ಬೆಲೆ ಪ್ರಶ್ನಾತೀತವಲ್ಲವೆಂಬುದು ಆಗ ದೇಶಕ್ಕೆಲ್ಲ ತಿಳಿಯಿತು.

ಆ ಪ್ರಶ್ನೆಯನ್ನು ಮನೆಯ ಮಟ್ಟದಲ್ಲಿ ಕೇಳಲು ಕಾನೂನು ಪದವಿ ಬೇಕಿಲ್ಲ. ಮುಂದಿನ ಸಲ ಗಾಡಿ ಗ್ಯಾರೇಜಿಗೆ ಹೊರಟಾಗ ಕಾಲೇಜಿಗೆ ಹೋಗುವ ಮಗಳೂ ಅಪ್ಪನ ಜೊತೆ ಹೋಗಲಿ. ಮೆಕ್ಯಾನಿಕ್ ಹೇಳಿದ್ದನ್ನು ಆಕೆ ಒಂದು ಹಾಳೆಯಲ್ಲಿ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಳ್ಳಲಿ. ಅವಳ ಫೀಸಿನ ಹಣವನ್ನು ಕಾಯುವುದು ಆ ಹಾಳೆಯೇ.