ಜಾಲತಾಣ ವಿನ್ಯಾಸದಲ್ಲಿ ಸೌಂದರ್ಯ ಮತ್ತು ಬಳಕೆಯ ಸುಲಭತೆ

ಜಾಲತಾಣ ವಿನ್ಯಾಸದಲ್ಲಿ ಸೌಂದರ್ಯ ಮತ್ತು ಬಳಕೆಯ ಸುಲಭತೆಗಳ ಸಮನ್ವಯವು ಅಂತರಜಾಲ ತಂತ್ರಜ್ಞಾನ ಹಾಗೂ ದೃಶ್ಯಕಲೆ ಎರಡಕ್ಕೂ ಸಂಬಂಧಿಸಿದ ವಿಷಯವಾಗಿದೆ. ವ್ಯಾಪಾರ ಸಂಸ್ಥೆಯೊಂದರ ಜಾಲತಾಣವು ನೋಡುವವರ ಮನಸ್ಸನ್ನು ಸೆಳೆಯಬೇಕು. ಜೊತೆಗೆ, ಅಲ್ಲಿಗೆ ಬಂದವರು ತಮಗೆ ಬೇಕಾದ ಮಾಹಿತಿ, ಸರಕು ಅಥವಾ ಸೇವೆಯನ್ನು ತೊಡಕಿಲ್ಲದೆ ಪಡೆಯುವಂತಿರಬೇಕು. ಮೊದಲನೆಯದು ಚಿತ್ರ, ಬಣ್ಣ, ಅಕ್ಷರರೂಪ ಮತ್ತು ಚಲನೆಗಳಿಂದ ಸಾಧ್ಯವಾಗುತ್ತದೆ; ಎರಡನೆಯದು ಕ್ರಮ, ಸ್ಪಷ್ಟತೆ ಮತ್ತು ವೇಗಗಳಿಂದ. ಒಂದನ್ನು ಹೆಚ್ಚಿಸಲು ಹೋಗಿ ಇನ್ನೊಂದನ್ನು ಕುಂದಿಸಿಕೊಂಡ ಉದಾಹರಣೆಗಳು ಅಂತರಜಾಲದ ಇತಿಹಾಸದಲ್ಲಿ ಸಾಕಷ್ಟಿವೆ.

ಪರಿಕಲ್ಪನೆ

ಕಟ್ಟಡವೊಂದಕ್ಕೆ ದೃಢತೆ, ಉಪಯುಕ್ತತೆ, ಸೌಂದರ್ಯ ಎಂಬ ಮೂರು ಗುಣಗಳಿರಬೇಕೆಂದು ಪ್ರಾಚೀನ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಪ್ರತಿಪಾದಿಸಿದ್ದನು. ಜಾಲತಾಣದ ವಿಚಾರದಲ್ಲಿ ಎದುರಾಗುವ ಪ್ರಶ್ನೆಯೂ ಮೂಲತಃ ಇದೇ ಆಗಿದೆ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಕಟ್ಟಡದೊಳಗೆ ಬಂದವನು ದಾರಿ ತಿಳಿಯದಿದ್ದರೆ ಯಾರನ್ನಾದರೂ ಕೇಳುತ್ತಾನೆ. ಜಾಲತಾಣದಲ್ಲಿ ದಾರಿ ತಪ್ಪಿದವನು ಪುಟವನ್ನು ಮುಚ್ಚಿ ಬೇರೆ ತಾಣಕ್ಕೆ ಹೋಗಿಬಿಡುತ್ತಾನೆ. ಅವನು ಬಂದುಹೋದದ್ದಾಗಲಿ, ಹೋದ ಕಾರಣವಾಗಲಿ ಸಂಸ್ಥೆಯ ಗಮನಕ್ಕೆ ಬಾರದೆಯೇ ಉಳಿಯಬಹುದು.

ಬಳಕೆಯ ಸುಲಭತೆಯನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1998ರಲ್ಲಿ ಪ್ರಕಟಿಸಿದ ಐಎಸ್‌ಒ 9241-11 ಮಾನಕವು ಮೂರು ಅಂಶಗಳಿಂದ ನಿರೂಪಿಸುತ್ತದೆ: ಬಳಕೆದಾರನು ಉದ್ದೇಶಿಸಿದ ಕೆಲಸ ಪೂರ್ಣಗೊಳ್ಳುವುದು, ಅದಕ್ಕೆ ತಗಲುವ ಶ್ರಮ ಮಿತವಾಗಿರುವುದು ಮತ್ತು ಬಳಸಿದವನಿಗೆ ತೃಪ್ತಿ ಉಂಟಾಗುವುದು. ಈ ಮೂರನೆಯ ಅಂಶವು ಗಮನಾರ್ಹವಾಗಿದೆ. ತೃಪ್ತಿಯಲ್ಲಿ ಕಣ್ಣಿಗೆ ದೊರೆಯುವ ಹಿತವೂ ಸೇರುವುದರಿಂದ, ಸೌಂದರ್ಯವು ಬಳಕೆಯ ಸುಲಭತೆಗೆ ತೀರ ಹೊರಗಿನ ವಸ್ತುವಲ್ಲ.

ಇತಿಹಾಸ

ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಸಮೀಪದ ಸರ್ನ್ ಸಂಶೋಧನಾ ಕೇಂದ್ರದಲ್ಲಿ ವಿಶ್ವವ್ಯಾಪಿ ಜಾಲದ ಯೋಜನೆಯನ್ನು 1989ರಲ್ಲಿ ಮುಂದಿಟ್ಟರು. ಆರಂಭದ ಪುಟಗಳಲ್ಲಿ ಇದ್ದದ್ದು ಅಕ್ಷರಗಳು ಮತ್ತು ಕೊಂಡಿಗಳು ಮಾತ್ರ. 1993ರಲ್ಲಿ ಬಂದ ಮೊಸಾಯಿಕ್ ಬ್ರೌಸರ್ ಬರಹದ ನಡುವೆಯೇ ಚಿತ್ರಗಳನ್ನು ತೋರಿಸುವ ಕ್ರಮವನ್ನು ಜನಪ್ರಿಯಗೊಳಿಸಿತು. ಅಲ್ಲಿಂದ ಮುಂದೆ ಮುದ್ರಣ ಮತ್ತು ಜಾಹೀರಾತು ಕ್ಷೇತ್ರದ ಕಲಾವಿದರು ಈ ಹೊಸ ಮಾಧ್ಯಮದತ್ತ ಹೊರಳಿದರು. ಪುಟವಿನ್ಯಾಸಕ್ಕೆ ಸೂಕ್ತ ಸಲಕರಣೆಗಳಿಲ್ಲದ ಕಾರಣ ಅವರು ಅಂಕಿಅಂಶಗಳಿಗೆಂದು ರೂಪಿಸಿದ್ದ ಕೋಷ್ಟಕಗಳನ್ನೇ ಪುಟದ ಚೌಕಟ್ಟಾಗಿ ಬಳಸತೊಡಗಿದರು. ಹೋಕನ್ ವಿಯಮ್ ಲೀ ಅವರು 1994ರಲ್ಲಿ ಸೂಚಿಸಿದ ಸಿಎಸ್ಎಸ್ ಎಂಬ ಶೈಲಿ ಭಾಷೆಯು 1996ರ ಡಿಸೆಂಬರಿನಲ್ಲಿ ಮಾನ್ಯತೆ ಪಡೆದ ಮೇಲೆ, ಪುಟದ ವಿಷಯವನ್ನೂ ಅದರ ಅಲಂಕಾರವನ್ನೂ ಬೇರೆಬೇರೆಯಾಗಿ ಇಡುವ ದಾರಿ ತೆರೆಯಿತು.

ಇದೇ ಅವಧಿಯಲ್ಲಿ ಫ್ಲ್ಯಾಶ್ ತಂತ್ರಾಂಶವು ಚಲಿಸುವ ಚಿತ್ರ, ಸಂಗೀತ ಮತ್ತು ಆಟಗಳನ್ನು ಜಾಲತಾಣಕ್ಕೆ ತಂದಿತು. ಅನೇಕ ಸಂಸ್ಥೆಗಳು ತಮ್ಮ ಮುಖಪುಟಕ್ಕೆ ಮೊದಲು ಒಂದು ಪೀಠಿಕಾ ಚಿತ್ರವನ್ನು ಓಡಿಸುತ್ತಿದ್ದವು. ಅದನ್ನು ದಾಟಿಹೋಗಲು ಒಂದು ಬಟನ್ ಇಡುವುದೂ ವಾಡಿಕೆಯಾಯಿತು. ಬಳಕೆದಾರರು ಅದನ್ನು ನೋಡಬಯಸುವುದಿಲ್ಲವೆಂಬುದಕ್ಕೆ ಆ ಬಟನ್ನೇ ಸಾಕ್ಷಿಯಾಗಿತ್ತು. ಡೆನ್ಮಾರ್ಕ್ ಮೂಲದ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಫ್ಲ್ಯಾಶ್ ಬಳಕೆಯನ್ನು ತೀವ್ರವಾಗಿ ಟೀಕಿಸಿದರು. ಅದೇ ವರ್ಷ ಸ್ಟೀವ್ ಕ್ರುಗ್ ಅವರ 'ಡೋಂಟ್ ಮೇಕ್ ಮಿ ಥಿಂಕ್' ಪುಸ್ತಕವು ಪ್ರಕಟವಾಗಿ ಬಳಕೆಯ ಸುಲಭತೆಯ ವಿಚಾರವನ್ನು ಸಾಮಾನ್ಯ ಓದುಗರಿಗೂ ತಲುಪಿಸಿತು. ಕಾಲಕ್ರಮದಲ್ಲಿ ಫ್ಲ್ಯಾಶ್ ಹಿಂದೆ ಸರಿದು, 2020ರ ಡಿಸೆಂಬರ್ 31ರಂದು ಅಡೋಬಿ ಸಂಸ್ಥೆಯು ಅದಕ್ಕೆ ನೀಡುತ್ತಿದ್ದ ಬೆಂಬಲವನ್ನು ಕೊನೆಗೊಳಿಸಿತು.

ಬೂ.ಕಾಮ್ ಪ್ರಕರಣ

ಸೌಂದರ್ಯಕ್ಕೆ ಒತ್ತು ಕೊಟ್ಟು ಬಳಕೆಯನ್ನು ಮರೆತ ಪ್ರಸಂಗಗಳಲ್ಲಿ ಲಂಡನ್ನಿನ ಬೂ.ಕಾಮ್ ಹೆಚ್ಚು ಪ್ರಸಿದ್ಧವಾಗಿದೆ. ಸ್ವೀಡನ್ನಿನ ಅರ್ನ್ಸ್ಟ್ ಮಾಲ್ಮ್‌ಸ್ಟೆನ್ ಮತ್ತು ಕಾಯ್ಸಾ ಲೀಂಡರ್ ಮುಂತಾದವರು ಸ್ಥಾಪಿಸಿದ ಈ ಸಂಸ್ಥೆಯು ಉಡುಪುಗಳನ್ನು ಅಂತರಜಾಲದ ಮೂಲಕ ಮಾರಲು 1999ರ ನವೆಂಬರಿನಲ್ಲಿ ತಾಣವನ್ನು ತೆರೆಯಿತು. ಉಡುಪನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡುವ ವ್ಯವಸ್ಥೆಯಿತ್ತು. 'ಮಿಸ್ ಬೂ' ಎಂಬ ಚಿತ್ರಪಾತ್ರವು ಅಂಗಡಿಯ ಸಹಾಯಕಿಯಂತೆ ಗ್ರಾಹಕರೊಡನೆ ವ್ಯವಹರಿಸುತ್ತಿತ್ತು. ಕಲ್ಪನೆಯ ದೃಷ್ಟಿಯಿಂದ ಇವು ಆ ಕಾಲಕ್ಕೆ ಬಹಳ ಮುಂದಿದ್ದ ಯೋಜನೆಗಳು.

ಆದರೆ ಆಗ ಬಹುಪಾಲು ಮನೆಗಳಲ್ಲಿ ದೂರವಾಣಿ ತಂತಿಯ ಮೂಲಕವೇ ಅಂತರಜಾಲ ದೊರೆಯುತ್ತಿತ್ತು. ಸೆಕೆಂಡಿಗೆ 56 ಕಿಲೋಬಿಟ್ ವೇಗದ ಮೋಡೆಮ್ ತನ್ನ ಪೂರ್ಣ ಸಾಮರ್ಥ್ಯದಲ್ಲಿ ಕೆಲಸ ಮಾಡಿದರೂ 300 ಕಿಲೋಬೈಟ್ ಗಾತ್ರದ ಒಂದು ಪುಟ ತೆರೆಯಲು 40 ಸೆಕೆಂಡುಗಳಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ಚಿತ್ರ ಮತ್ತು ಚಲನೆಗಳಿಂದ ಭಾರವಾಗಿದ್ದ ಬೂ.ಕಾಮ್ ಪುಟಗಳಿಗಾಗಿ ಗ್ರಾಹಕರು ಬಹಳ ಹೊತ್ತು ಕಾಯಬೇಕಾಯಿತು. 2000ದ ಮೇ ತಿಂಗಳಿನಲ್ಲಿ ಸಂಸ್ಥೆಯು ಮುಚ್ಚಿಹೋಯಿತು. ಅಷ್ಟರಲ್ಲಿ ಸುಮಾರು 13.5 ಕೋಟಿ ಡಾಲರ್ ಬಂಡವಾಳ ಕರಗಿತ್ತು. ಹಲವು ದೇಶಗಳಲ್ಲಿ ಏಕಕಾಲಕ್ಕೆ ವಹಿವಾಟು ಆರಂಭಿಸಿದ್ದು, ಜಾಹೀರಾತಿನ ದುಂದುವೆಚ್ಚ ಮತ್ತು ಕಾರ್ಯಾರಂಭದ ವಿಳಂಬಗಳೂ ಈ ಪತನಕ್ಕೆ ಕಾರಣವಾಗಿದ್ದವು. ಆದ್ದರಿಂದ ವಿನ್ಯಾಸವೊಂದನ್ನೇ ಹೊಣೆಯಾಗಿಸುವುದು ಸರಿಯಾಗದು. ಆದರೂ, ಕೊಳ್ಳಲು ಬಂದವನಿಗೆ ಕೊಳ್ಳುವುದೇ ಕಷ್ಟವಾದರೆ ಅಂಗಡಿಯ ಅಲಂಕಾರವು ವ್ಯರ್ಥವೆಂಬುದನ್ನು ಈ ಪ್ರಕರಣವು ತೋರಿಸಿಕೊಟ್ಟಿತು.

ಸೌಂದರ್ಯದ ಮಹತ್ವ

ಇಷ್ಟರಿಂದಲೇ ಅಲಂಕಾರವು ಅನಗತ್ಯವೆಂಬ ತೀರ್ಮಾನಕ್ಕೆ ಬರುವಂತಿಲ್ಲ. ಜಪಾನಿನ ಮಸಾಕಿ ಕುರೋಸು ಮತ್ತು ಕಾವೋರಿ ಕಾಶಿಮುರಾ ಅವರು ಹಣ ಪಡೆಯುವ ಎಟಿಎಂ ಯಂತ್ರದ ಪರದೆಗೆ 26 ಬಗೆಯ ವಿನ್ಯಾಸಗಳನ್ನು ಮಾಡಿಸಿ, ಅವುಗಳ ಬಗ್ಗೆ ಜನರ ಅಭಿಪ್ರಾಯವನ್ನು ಸಂಗ್ರಹಿಸಿ 1995ರಲ್ಲಿ ಪ್ರಕಟಿಸಿದರು. ಜನರು ಯಾವುದನ್ನು ಸುಂದರವೆಂದರೋ ಅದನ್ನೇ ಸುಲಭವೆಂದೂ ಭಾವಿಸಿದ್ದರು. ಇಸ್ರೇಲಿನ ನೋಅಮ್ ಟ್ರಾಕ್ಟಿನ್‌ಸ್ಕಿ ತಮ್ಮ ದೇಶದಲ್ಲಿ ಇದೇ ಪ್ರಯೋಗವನ್ನು ಪುನಃ ನಡೆಸಿದಾಗಲೂ ಇಂತಹ ಫಲಿತಾಂಶವೇ ದೊರೆಯಿತು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಗಿಟ್ಟೆ ಲಿಂಡ್‌ಗೋರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪುಟವು ಚೆನ್ನಾಗಿದೆಯೇ ಇಲ್ಲವೇ ಎಂಬ ಮೊದಲ ಅನಿಸಿಕೆ ಮೂಡಲು 50 ಮಿಲಿಸೆಕೆಂಡುಗಳು ಸಾಕು.

ನಂಬಿಕೆಯೂ ರೂಪವನ್ನು ಅವಲಂಬಿಸಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿ. ಜೆ. ಫಾಗ್ ಮತ್ತು ಸಂಗಡಿಗರು 2002ರಲ್ಲಿ 2,684 ಜನರಿಂದ ಜಾಲತಾಣಗಳ ವಿಶ್ವಾಸಾರ್ಹತೆಯ ಬಗ್ಗೆ ಅಭಿಪ್ರಾಯ ಸಂಗ್ರಹಿಸಿದರು. ಅವುಗಳಲ್ಲಿ ಸುಮಾರು ಶೇಕಡ 46ರಷ್ಟು ತಾಣದ ನೋಟವನ್ನು ಪ್ರಸ್ತಾಪಿಸಿದ್ದವು. ಇದರ ಇನ್ನೊಂದು ಮುಖವೂ ಇದೆ. ಚೆಲುವಾದ ಪುಟವನ್ನು ಜನರು ಸುಲಭವಾಗಿ ನಂಬುವುದರಿಂದ ಮೋಸದ ತಾಣಗಳೂ ಅಂತಹ ರೂಪವನ್ನೇ ತಾಳುತ್ತವೆ. ಹೀಗಾಗಿ ಹೊರನೋಟವು ನಂಬಿಕೆಯನ್ನು ಹುಟ್ಟಿಸಬಲ್ಲದೇ ಹೊರತು ನಂಬಿಕೆಗೆ ಆಧಾರವಾಗಲಾರದು.

ಸಮನ್ವಯದ ತತ್ತ್ವಗಳು

ವಿನ್ಯಾಸಕಾರರು ಸಾಮಾನ್ಯವಾಗಿ ಅನುಸರಿಸುವ ಕೆಲವು ತತ್ತ್ವಗಳು ಹೀಗಿವೆ:

ಪ್ರಾಮುಖ್ಯದ ಕ್ರಮ: ಪುಟದಲ್ಲಿ ಅತಿ ಮುಖ್ಯವಾದುದು ಮೊದಲು ಕಾಣಬೇಕು. ಗಾತ್ರ, ಬಣ್ಣ ಮತ್ತು ಖಾಲಿ ಜಾಗಗಳು ಈ ಕ್ರಮವನ್ನು ಸೂಚಿಸುವ ಸಾಧನಗಳು. ಎಲ್ಲವನ್ನೂ ಎದ್ದು ಕಾಣುವಂತೆ ಮಾಡಿದರೆ ಯಾವುದೂ ಎದ್ದು ಕಾಣುವುದಿಲ್ಲ.

ಪರಿಚಿತ ಸ್ಥಾನ: ಸಂಸ್ಥೆಯ ಲಾಂಛನ, ಹುಡುಕುವ ಪೆಟ್ಟಿಗೆ, ಸಂಪರ್ಕ ವಿವರ ಮುಂತಾದವು ಜನರು ನಿರೀಕ್ಷಿಸುವ ಜಾಗದಲ್ಲಿಯೇ ಇರುವುದು ಹಿತ. ಹೊಸತನವನ್ನು ಚಿತ್ರದಲ್ಲಿ, ಬಣ್ಣದಲ್ಲಿ, ಬರಹದಲ್ಲಿ ತೋರಿಸಬಹುದು. ಬಾಗಿಲು ಎಲ್ಲಿದೆಯೆಂದು ಹುಡುಕುವ ಸ್ಥಿತಿಯನ್ನು ತರಬಾರದು.

ಗುರಿಯ ಗಾತ್ರ: ದೂರದ ಮತ್ತು ಚಿಕ್ಕದಾದ ಗುರಿಯನ್ನು ಮುಟ್ಟಲು ಹೆಚ್ಚು ಕಾಲ ಬೇಕೆಂಬುದು ಪಾಲ್ ಫಿಟ್ಸ್ 1954ರಲ್ಲಿ ನಿರೂಪಿಸಿದ ನಿಯಮ. ಬೆರಳಿನಿಂದ ಒತ್ತುವ ಮೊಬೈಲ್ ಪರದೆಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ.

ವೇಗ: ನೀಲ್ಸನ್ ಅವರ ಪ್ರಕಾರ 0.1 ಸೆಕೆಂಡಿನೊಳಗೆ ದೊರೆತ ಪ್ರತಿಕ್ರಿಯೆ ತಕ್ಷಣದ್ದೆನಿಸುತ್ತದೆ. 1 ಸೆಕೆಂಡಿನವರೆಗೆ ಯೋಚನೆಯ ಓಟ ಕಡಿಯುವುದಿಲ್ಲ. 10 ಸೆಕೆಂಡು ದಾಟಿದರೆ ಗಮನ ಬೇರೆಡೆ ಹೋಗುತ್ತದೆ.

ಹೊಂದಿಕೊಳ್ಳುವ ಪುಟ: ಪರದೆಯ ಅಗಲಕ್ಕೆ ತಕ್ಕಂತೆ ಪುಟವು ತನ್ನನ್ನು ತಾನೇ ಮಾರ್ಪಡಿಸಿಕೊಳ್ಳುವ ವಿಧಾನವನ್ನು ಈಥನ್ ಮಾರ್ಕಾಟ್ 2010ರಲ್ಲಿ ವಿವರಿಸಿದರು. ಈಗ ಇದು ರೂಢಿಯ ಕ್ರಮವಾಗಿದೆ.

ಎಲ್ಲರಿಗೂ ಪ್ರವೇಶ

ಅಂಧರು ಜಾಲತಾಣದ ಬರಹವನ್ನು ಧ್ವನಿಯಾಗಿ ಓದಿಹೇಳುವ ತಂತ್ರಾಂಶದ ಮೂಲಕ ತಿಳಿಯುತ್ತಾರೆ. ಚಿತ್ರಕ್ಕೆ ಬರಹದ ವಿವರಣೆ ಇಲ್ಲದಿದ್ದರೆ ಆ ಚಿತ್ರ ಅವರ ಪಾಲಿಗೆ ಇಲ್ಲವೇ ಇಲ್ಲ. ಅಮೆರಿಕದ ಟಾರ್ಗೆಟ್ ಸಂಸ್ಥೆಯ ಜಾಲತಾಣದಲ್ಲಿ ಇಂತಹ ವಿವರಣೆಗಳಿಲ್ಲವೆಂದೂ ಮೌಸ್ ಇಲ್ಲದೆ ಖರೀದಿಯನ್ನು ಪೂರ್ಣಗೊಳಿಸಲಾಗುವುದಿಲ್ಲವೆಂದೂ ಅಲ್ಲಿನ ಅಂಧರ ರಾಷ್ಟ್ರೀಯ ಒಕ್ಕೂಟವು 2006ರಲ್ಲಿ ನ್ಯಾಯಾಲಯದ ಮೊರೆಹೋಯಿತು. 2008ರಲ್ಲಿ ರಾಜಿಯಾಗಿ, ಸಂಸ್ಥೆಯು ಪರಿಹಾರಕ್ಕೆ 60 ಲಕ್ಷ ಡಾಲರ್ ನಿಧಿಯನ್ನು ನೀಡಲು ಹಾಗೂ ತಾಣವನ್ನು ಸರಿಪಡಿಸಲು ಒಪ್ಪಿತು.

ವಿಶ್ವವ್ಯಾಪಿ ಜಾಲ ಒಕ್ಕೂಟವು ಪ್ರವೇಶಸಾಧ್ಯತೆಯ ಮಾರ್ಗಸೂಚಿಯನ್ನು 1999ರಲ್ಲಿ ಮೊದಲ ಬಾರಿಗೆ ಪ್ರಕಟಿಸಿತು. 2008ರ ಎರಡನೆಯ ಆವೃತ್ತಿಯ ಮಧ್ಯಮ ಹಂತದ ಪ್ರಕಾರ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ನಡುವಣ ಬೆಳಕಿನ ವ್ಯತ್ಯಾಸದ ಅನುಪಾತವು ಕನಿಷ್ಠ 4.5:1 ಇರಬೇಕು. ಬಿಳಿಯ ಮೇಲೆ ತಿಳಿಬೂದು ಬಣ್ಣದ ಸಣ್ಣ ಅಕ್ಷರಗಳು ವಿನ್ಯಾಸಕಾರನ ಕಣ್ಣಿಗೆ ನಯವಾಗಿ ಕಂಡರೂ, ವಯಸ್ಸಾದವರಿಗೆ ಹಾಗೂ ಬಿಸಿಲಿನಲ್ಲಿ ಮೊಬೈಲ್ ನೋಡುವವರಿಗೆ ಅವು ಓದಲಾಗದ ಗೆರೆಗಳಾಗುತ್ತವೆ.

ಕನ್ನಡ ಪುಟಗಳ ವಿಶೇಷ

ಯೂನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ಕನ್ನಡ ತಾಣಗಳು ಬೇರೆಬೇರೆ ಸಂಕೇತಕ್ರಮದ ಅಕ್ಷರಶೈಲಿಗಳನ್ನು ಬಳಸುತ್ತಿದ್ದವು. ಆ ಶೈಲಿ ಗಣಕಯಂತ್ರದಲ್ಲಿ ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತಿದ್ದವು. ಇದನ್ನು ತಪ್ಪಿಸಲು ಬರಹವನ್ನೇ ಚಿತ್ರವಾಗಿ ಹಾಕುವುದೂ ಇತ್ತು. ಅಂತಹ ಬರಹವು ನೋಡಲು ಅಂದವಾಗಿದ್ದರೂ ಅದನ್ನು ಹುಡುಕಲಾಗದು, ನಕಲಿಸಲಾಗದು, ಧ್ವನಿಯಾಗಿ ಕೇಳಲಾಗದು.

ಇಂಗ್ಲಿಷಿಗೆಂದು ಮಾಡಿದ ವಿನ್ಯಾಸದಲ್ಲಿ ಕನ್ನಡವನ್ನು ತುಂಬಿದಾಗ ಬೇರೆ ತೊಡಕುಗಳು ಕಾಣುತ್ತವೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ 'ರಾಷ್ಟ್ರ', 'ಶಾಸ್ತ್ರ' ಮುಂತಾದ ಪದಗಳಿಗೆ ಸಾಲುಗಳ ನಡುವೆ ಹೆಚ್ಚಿನ ಅಂತರ ಬೇಕು. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲದ ಕಾರಣ ಶೀರ್ಷಿಕೆಯನ್ನು ಗಾತ್ರ, ದಪ್ಪ ಅಥವಾ ಬಣ್ಣದಿಂದಲೇ ಬೇರ್ಪಡಿಸಬೇಕು. ಇಂಗ್ಲಿಷಿನಲ್ಲಿ ಮೂರು ಅಕ್ಷರಗಳ 'ಬೈ' ಎಂಬ ಪದಕ್ಕೆ ಅಳತೆಮಾಡಿದ ಬಟನ್ನಿನಲ್ಲಿ 'ಕೊಂಡುಕೊಳ್ಳಿ' ಎಂಬುದು ಹಿಡಿಸುವುದಿಲ್ಲ. ಆದ್ದರಿಂದ ಅನುವಾದವನ್ನು ಕೊನೆಯಲ್ಲಿ ತುಂಬುವ ಬದಲು, ವಿನ್ಯಾಸದ ಮೊದಲ ಹಂತದಲ್ಲಿಯೇ ಕನ್ನಡ ಪದಗಳನ್ನಿಟ್ಟು ನೋಡುವುದು ಉಚಿತ.

ಪರೀಕ್ಷೆ ಮತ್ತು ಮಿತಿ

ವಿನ್ಯಾಸವು ಸುಲಭವೇ ಎಂಬುದನ್ನು ಅದನ್ನು ರೂಪಿಸಿದವರು ನಿರ್ಧರಿಸಲಾರರು. ದಾರಿಯನ್ನು ತಾವೇ ಹಾಕಿದ್ದರಿಂದ ಅವರಿಗೆ ದಾರಿ ತಪ್ಪುವುದಿಲ್ಲ. ಹೊರಗಿನ ಕೆಲವರಿಗೆ ನಿರ್ದಿಷ್ಟ ಕೆಲಸವನ್ನು ಕೊಟ್ಟು, ನೆರವು ನೀಡದೆ ಗಮನಿಸುವುದು ಸರಳವಾದ ಪರೀಕ್ಷಾ ವಿಧಾನ. ಐದು ಜನರನ್ನು ಹೀಗೆ ಗಮನಿಸಿದರೆ ಹೆಚ್ಚಿನ ದೋಷಗಳು ಬೆಳಕಿಗೆ ಬರುತ್ತವೆ ಎಂಬುದು ನೀಲ್ಸನ್ ಅವರ ಅಭಿಪ್ರಾಯ. ದೋಷಗಳನ್ನು ತಿದ್ದಿದ ನಂತರ ಬೇರೆ ಐವರಿಂದ ಪುನಃ ಪರೀಕ್ಷಿಸಬಹುದು.

ಸೌಂದರ್ಯ ಮತ್ತು ಸುಲಭತೆಗಳ ಪ್ರಮಾಣವು ಎಲ್ಲ ತಾಣಗಳಿಗೂ ಒಂದೇ ಆಗಿರುವುದಿಲ್ಲ. ಚಲನಚಿತ್ರವೊಂದರ ಅಥವಾ ಕಲಾವಿದನೊಬ್ಬನ ತಾಣದಲ್ಲಿ ಅಲೆದಾಡುವುದೇ ಒಂದು ಸಂತೋಷವಾಗಬಹುದು. ಬ್ಯಾಂಕು, ಆಸ್ಪತ್ರೆ, ವಿಮಾ ಸಂಸ್ಥೆಗಳ ತಾಣಕ್ಕೆ ಜನರು ಅಗತ್ಯದಿಂದ, ಕೆಲವೊಮ್ಮೆ ಆತಂಕದಿಂದ ಬರುತ್ತಾರೆ. ಅಲ್ಲಿ ದೂರವಾಣಿ ಸಂಖ್ಯೆಯು ಥಟ್ಟನೆ ಕಾಣುವುದು ಯಾವ ಚಿತ್ರಕ್ಕಿಂತಲೂ ಮುಖ್ಯವಾಗುತ್ತದೆ.