ಭೂತಕ್ಕೆ ಎರಡು ಚಕ್ಕುಲಿ

ಬಾಗಿಲು ತಟ್ಟುವ ಭೂತಕ್ಕೆ ‘ನಾಳೆ ಬಾ’ ಎಂದು ಕದದ ಮೇಲೆ ಬರೆದು ವಾಪಸು ಕಳಿಸುವ ನಾಡು ನಮ್ಮದು. ಅಂಥ ನಾಡಿನಿಂದ ಹೊರಟ ನಮ್ಮ ಸಂಸಾರ 1989ರಲ್ಲಿ ಹೋಗಿ ಇಳಿದದ್ದು, ಭೂತಗಳನ್ನು ‘ಬನ್ನಿ, ಬನ್ನಿ’ ಎಂದು ಕರೆದು ಕೈತುಂಬ ಮಿಠಾಯಿ ಕೊಟ್ಟು ಕಳಿಸುವ ಊರಿನಲ್ಲಿ.

ಅಪ್ಪ ಕೃಷಿ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡಲು ಅಮೆರಿಕದ ಮಿನೆಸೋಟ ರಾಜ್ಯದ ಸೇಂಟ್ ಪಾಲ್ ನಗರಕ್ಕೆ ಹೋದಾಗ ನನಗೆ ಎಂಟು ವರ್ಷ, ಅಕ್ಕನಿಗೆ ಹನ್ನೊಂದು. ತಿಪಟೂರು ಬಿಟ್ಟರೆ ಬೆಂಗಳೂರನ್ನೇ ಪರದೇಶ ಎಂದುಕೊಂಡಿದ್ದ ಅಮ್ಮ, ಹಿತ್ತಾಳೆಯ ಚಕ್ಕುಲಿ ಒರಳನ್ನು ಹಳೇ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟುಕೊಂಡು ಬಂದಿದ್ದಳು. ಸಂಸಾರಸ್ಥ ವಿದ್ಯಾರ್ಥಿಗಳಿಗೆಂದು ಕಟ್ಟಿದ ಸಾಲುಮನೆಗಳಲ್ಲಿ ನಮಗೊಂದು ಮನೆ ಸಿಕ್ಕಿತು. ಸಾಲಿನ ಆಚೆ ರಸ್ತೆ ದಾಟಿದರೆ ಅಮೆರಿಕನ್ನರ ಸ್ವಂತ ಮನೆಗಳು, ಅವುಗಳ ಮುಂದೆ ಮೇಪಲ್ ಮರಗಳು.

ಆ ವರ್ಷ ಅಕ್ಟೋಬರ್ 31ರ ಸಂಜೆ ಯಾರೋ ಬಾಗಿಲು ಬಡಿದರು. ಅಮ್ಮ ತೆಗೆದು ನೋಡಿದರೆ ಒಂದು ಅಸ್ಥಿಪಂಜರ, ಒಬ್ಬ ಮಾಟಗಾತಿ, ಅವರಿಬ್ಬರ ನಡುವೆ ಸೊಂಟದೆತ್ತರದ ಒಂದು ಕುಂಬಳಕಾಯಿ. ಮೂವರೂ ಒಟ್ಟಿಗೆ ‘ಟ್ರಿಕ್ ಆರ್ ಟ್ರೀಟ್’ ಎಂದು ಕೂಗಿ ಚೀಲ ಒಡ್ಡಿದರು. ತಿನ್ನಲು ಕೊಡುತ್ತೀರೋ, ಕೀಟಲೆ ಮಾಡೋಣವೋ ಎಂದು ಅದರ ಅರ್ಥ. ಅಮ್ಮನಿಗೆ ಅರ್ಥವಾದದ್ದು ಒಡ್ಡಿದ ಚೀಲ ಮಾತ್ರ. ಮುಸ್ಸಂಜೆ ಹೊತ್ತಿನಲ್ಲಿ ಮನೆಗೆ ಬಂದ ಮಕ್ಕಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ತಲಾ ಒಂದೊಂದು ಬಾಳೆಹಣ್ಣು ಹಾಕಿದಳು. ‘ಪಾಪ, ಅದಕ್ಕೆ ನಡೆಯೋಕೇ ಆಗ್ತಿಲ್ಲ’ ಎಂದು ಕುಂಬಳಕಾಯಿಗೆ ಎರಡು. ಮನೆಯಲ್ಲಿದ್ದ ಹಣ್ಣೆಲ್ಲ ಮುಗಿದರೂ ಬಾಗಿಲು ಬಡಿಯುವುದು ನಿಲ್ಲಲಿಲ್ಲ. ಕೊನೆಗೆ ದೀಪ ಆರಿಸಿ, ಸಾಲ ಕೊಟ್ಟವನು ಬಂದಾಗ ಅವಿತುಕೊಳ್ಳುವವರಂತೆ ನಾಲ್ವರೂ ಅಡುಗೆಮನೆಯ ನೆಲದ ಮೇಲೆ ಉಸಿರು ಬಿಗಿಹಿಡಿದು ಕೂತೆವು. ಆಮೇಲೆ ತಿಳಿಯಿತು, ಅಲ್ಲಿನ ರೂಢಿಯೂ ಅದೇ: ಹೊರಗಿನ ದೀಪ ಉರಿಯುತ್ತಿದ್ದರೆ ಬನ್ನಿ ಎಂದರ್ಥ, ಆರಿದ್ದರೆ ಮುಂದಿನ ಮನೆ ನೋಡಿಕೊಳ್ಳಿ ಎಂದರ್ಥ.

ಮಾರನೆಯ ವಾರ ಅಪ್ಪ ಗ್ರಂಥಾಲಯದಿಂದ ಪುಸ್ತಕ ತಂದು ಓದಿ ಹೇಳಿದರು. ಹ್ಯಾಲೋವೀನ್ ಅಮೆರಿಕದಲ್ಲಿ ಹುಟ್ಟಿದ ಹಬ್ಬವಲ್ಲ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಕೆಲ್ಟಿಕ್ ಜನ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಸಂಧಿಯಲ್ಲಿ ಮಾಡುತ್ತಿದ್ದ ಹಬ್ಬವೊಂದು ಅದರ ಬೇರು. ಆ ಹಬ್ಬದ ಹೆಸರಿನ ಉಚ್ಚಾರಣೆ ಹೆಚ್ಚುಕಡಿಮೆ ‘ಸಾವಿನ್’ ಎಂದು. ಕನ್ನಡದ ಕಿವಿಗೆ ಅದು ಕೇಳಿಸುವ ರೀತಿ ಬರಿಯ ಕಾಕತಾಳೀಯ. ಆದರೆ ಸತ್ತವರ ಲೋಕಕ್ಕೂ ಬದುಕಿರುವವರ ಲೋಕಕ್ಕೂ ನಡುವಿನ ಬಾಗಿಲು ಆ ರಾತ್ರಿ ತೆರೆದುಕೊಳ್ಳುತ್ತದೆಂಬ ನಂಬಿಕೆಗೆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ದಿನ. ಅದರ ಹಿಂದಿನ ಸಂಜೆ ಎಂಬ ಇಂಗ್ಲಿಷ್ ಮಾತೇ ಸವೆದು ಸವೆದು ಹ್ಯಾಲೋವೀನ್ ಆಯಿತು. ಅಪ್ಪ ಇಷ್ಟುದ್ದ ವಿವರಿಸಿ ಮುಗಿಸಿದಾಗ ಅಮ್ಮ, ‘ಹಾಗಾದ್ರೆ ಇದು ಇವರ ಮಹಾಲಯ ಅಮಾವಾಸ್ಯೆ ಅನ್ನಿ’ ಎಂದು ಒಂದೇ ಮಾತಿನಲ್ಲಿ ಪುಸ್ತಕ ಮುಚ್ಚಿಸಿದಳು.

ಕುಂಬಳಕಾಯಿಯೂ ಅವಳಿಗೆ ಹೊಸದೆನಿಸಲಿಲ್ಲ. ಐರ್ಲೆಂಡಿನವರು ಟರ್ನಿಪ್ ಗಡ್ಡೆಯಲ್ಲಿ ಮುಖ ಕೊರೆದು ಒಳಗೆ ದೀಪ ಇಡುತ್ತಿದ್ದರಂತೆ. ಅಮೆರಿಕಕ್ಕೆ ವಲಸೆ ಬಂದ ಮೇಲೆ ಅದಕ್ಕಿಂತ ದೊಡ್ಡದೂ ಕೊರೆಯಲು ಸುಲಭವೂ ಆದ ಸಿಹಿಗುಂಬಳ ಸಿಕ್ಕಿತು. ನಮ್ಮಲ್ಲಿ ಬೂದುಗುಂಬಳದ ಮೇಲೆ ಮೀಸೆಯ ರಾಕ್ಷಸನನ್ನು ಬರೆದು ದೃಷ್ಟಿ ತಾಗದಿರಲೆಂದು ಮನೆ ಮುಂದೆ ಕಟ್ಟುವುದಿಲ್ಲವೇ? ‘ಇವರು ಒಳಗೆ ದೀಪ ಇಡ್ತಾರೆ, ಅಷ್ಟೇ’ ಎಂದಳು. ಕೊರೆದಾಗ ಬಂದ ತಿರುಳಿನಲ್ಲಿ ಆ ವಾರವೆಲ್ಲ ಹುಳಿ ಮಾಡಿದಳು. ನೋಟಕ್ಕೆಂದೇ ಬೆಳೆಸಿದ ಆ ಕಾಯಿಗೆ ಸಿಹಿಯೂ ಇಲ್ಲ, ರುಚಿಯೂ ಇಲ್ಲ. ಬೀಜ ಹುರಿದದ್ದು ಮಾತ್ರ ಚೆನ್ನಾಗಿತ್ತು.

ಮಿಠಾಯಿ ಈ ಹಬ್ಬದೊಳಗೆ ಬಂದ ಕಥೆ ನನಗೆ ಈಗಲೂ ಇಷ್ಟ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹ್ಯಾಲೋವೀನ್ ಎಂದರೆ ಹುಡುಗರ ಪುಂಡಾಟದ ರಾತ್ರಿ. ಬೇಲಿಯ ಗೇಟು ಕಿತ್ತೊಯ್ಯುವುದು, ಕಿಟಕಿಗೆ ಸೋಪು ಬಳಿಯುವುದು, ಹಿತ್ತಿಲ ಕಕ್ಕಸನ್ನು ಮಗುಚಿಹಾಕುವುದು. ಮಿನಿಯಾಪೊಲಿಸ್‌ಗೆ ಉತ್ತರದಲ್ಲಿ ಅನೋಕ ಎಂಬ ಪಟ್ಟಣವಿದೆ. ಒಂದು ಹ್ಯಾಲೋವೀನ್ ಕಳೆದ ಬೆಳಿಗ್ಗೆ ಅಲ್ಲಿನ ಜನ ಎದ್ದು ನೋಡಿದರೆ ಮುಖ್ಯ ಬೀದಿಯಲ್ಲಿ ದನಗಳು ಅಡ್ಡಾಡುತ್ತಿದ್ದವಂತೆ. ಹುಡುಗರ ಕೈಕಾಲಿಗೆ ಬೇರೆ ಕೆಲಸ ಕೊಡೋಣವೆಂದು ಊರ ಹಿರಿಯರು 1920ರಲ್ಲಿ ಮೆರವಣಿಗೆ ಏರ್ಪಡಿಸಿದರು, ತಿಂಡಿ ಹಂಚಿದರು. ಅನೋಕ ಇವತ್ತಿಗೂ ತನ್ನನ್ನು ಜಗತ್ತಿನ ಹ್ಯಾಲೋವೀನ್ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ಒಟ್ಟಿನಲ್ಲಿ, ಪುಂಡರಿಗೆ ಕೊಟ್ಟ ಲಂಚವೇ ಹಬ್ಬದ ನೈವೇದ್ಯವಾಯಿತು. ಎರಡನೆಯ ಮಹಾಯುದ್ಧದಲ್ಲಿ ಸಕ್ಕರೆಗೆ ಪಡಿತರ ಬಂದು ಮನೆಮನೆಯ ತಿರುಗಾಟ ಸೊರಗಿತ್ತು. 1947ರಲ್ಲಿ ಪಡಿತರ ತೆಗೆದ ಮೇಲೆ ಮಕ್ಕಳು ಮತ್ತೆ ಬೀದಿಗಿಳಿದರು, ಮಿಠಾಯಿ ಕಂಪೆನಿಗಳೂ ಹಿಂದೆಯೇ ಬಂದವು.

ನಾನೂ ಅಕ್ಕನೂ ಬೀದಿಗಿಳಿದದ್ದು 1990ರಲ್ಲಿ. ವೇಷ ಕೊಳ್ಳಲು ಅಪ್ಪನ ವಿದ್ಯಾರ್ಥಿವೇತನದಲ್ಲಿ ಜಾಗವಿರಲಿಲ್ಲ. ಅಪ್ಪನ ಪಂಚೆ ಹೊದ್ದು ನಾನು ಭೂತವಾದೆ. ಕಣ್ಣಿಗೆ ತೂತು ಮಾಡಲು ಅಪ್ಪ ಬಿಲ್‌ಕುಲ್ ಒಪ್ಪಲಿಲ್ಲವಾದ್ದರಿಂದ ಮುಖ ತೆರೆದಿಟ್ಟು ಪೌಡರ್ ಬಳಿದುಕೊಂಡೆ. ಜರಿ ಅಂಚಿನ ಭೂತವನ್ನು ಆ ಬೀದಿ ಅದೇ ಮೊದಲು ನೋಡಿದ್ದಿರಬೇಕು. ದಿಂಬಿನ ಚೀಲ ಹಿಡಿದು ಮನೆಯಿಂದ ಮನೆಗೆ ಓಡಿದೆವು. ನೆನಪಿರಲಿ, ಅಲ್ಲಿ ಆ ಹೊತ್ತಿಗೆ ಸಂಜೆ ಐದಕ್ಕೇ ಕತ್ತಲು. ಕೊರೆಯುವ ಚಳಿ, ಕಾಲಡಿ ಒಣಗಿದ ಮೇಪಲ್ ಎಲೆಯ ಚರಪರ, ಪ್ರತಿ ಮೆಟ್ಟಿಲ ಮೇಲೂ ಹಲ್ಲು ಕಿಸಿದ ಕುಂಬಳಕಾಯಿಯೊಳಗಿಂದ ಸ್ವಲ್ಪ ಸೀದ ವಾಸನೆ.

ಮನೆಗೆ ಬಂದು ಚೀಲ ಸುರುವಿದರೆ ನಡುಮನೆಯ ನೆಲವೇ ಸಂತೆ. ಎದುರುಮನೆಯ ಚೀನೀ ಹುಡುಗ, ಮೇಲಿನ ಮನೆಯ ನೈಜೀರಿಯದ ಅವಳಿಜವಳಿ ಹುಡುಗಿಯರು, ನಾವಿಬ್ಬರು ಸುತ್ತ ಕೂತು ವ್ಯಾಪಾರ. ಹೊಳೆಯುವ ನಾಣ್ಯ ಎಂದರೆ ರೀಸಸ್. ಚಾಕೊಲೇಟ್ ಬಟ್ಟಲಿನೊಳಗೆ ಉಪ್ಪುಪ್ಪಾದ ಕಡಲೆಕಾಯಿ ಮುದ್ದೆ. ಹರ್ಷೀ ಕಂಪೆನಿಯಲ್ಲಿ ಹಿಂದೆ ಕೆಲಸಕ್ಕಿದ್ದ ಎಚ್.ಬಿ. ರೀಸ್ ಎಂಬಾತ 1928ರಲ್ಲಿ ಅದನ್ನು ಮಾಡಿದನಂತೆ. ಒಂದು ರೀಸಸ್‌ಗೆ ಮೂರು ಟೂಟ್ಸಿ ರೋಲ್. ಮಿಲ್ಕಿ ವೇಗೆ ನಮ್ಮೂರಿನ ಸರಕೆಂಬ ಅಭಿಮಾನದ ಬೆಲೆ, ಏಕೆಂದರೆ 1923ರಲ್ಲಿ ಫ್ರಾಂಕ್ ಮಾರ್ಸ್ ಅದನ್ನು ತಯಾರಿಸಿದ್ದು ಪಕ್ಕದ ಮಿನಿಯಾಪೊಲಿಸ್‌ನಲ್ಲೇ. ಸ್ನಿಕರ್ಸ್ ಎಂಬುದು ಅವನ ಮನೆಯವರ ಕುದುರೆಯ ಹೆಸರಂತೆ.

ನಮ್ಮಿಬ್ಬರಿಗೆ ಮಾತ್ರ ಈ ಸಂತೆಯಲ್ಲಿ ಒಂದು ಕಟ್ಟಳೆ ಇತ್ತು. ಜಿಲೆಟಿನ್. ದನ, ಹಂದಿಗಳ ಚರ್ಮ, ಮೂಳೆಗಳಿಂದ ತೆಗೆಯುವ ಈ ಅಂಟು ಮಾರ್ಷ್‌ಮೆಲೋದಲ್ಲಿತ್ತು, ಗಮ್ಮಿ ಕರಡಿಗಳಲ್ಲಿತ್ತು. ಕೊನೆಗೆ ಆ ಹಳದಿ, ಕಿತ್ತಳೆ, ಬಿಳಿ ಮೂರು ಬಣ್ಣದ ಜೋಳದ ಕಾಳಿನಾಕಾರದ ಕ್ಯಾಂಡಿ ಕಾರ್ನ್‌ನಲ್ಲೂ ಇತ್ತು. ಅಪ್ಪ ಅಂಗಡಿಯಲ್ಲಿ ನಿಂತು ದೊಡ್ಡ ಪೊಟ್ಟಣಗಳ ಹಿಂಭಾಗ ಓದಿ ಪಟ್ಟಿ ಮಾಡಿಕೊಂಡು ಬಂದಿದ್ದರು. ಕ್ಯಾಂಡಿ ಕಾರ್ನ್ ಕಂಡರೆ ಬಹಳ ಮಂದಿ ಅಮೆರಿಕನ್ನರೇ ಮುಖ ಸಿಂಡರಿಸುತ್ತಾರೆ, ಮೇಣ ತಿಂದ ಹಾಗಿರುತ್ತದೆ ಎನ್ನುತ್ತಾರೆ. ಆದರೆ ಬೇಡ ಎಂದದ್ದಕ್ಕೇ ರುಚಿ ಜಾಸ್ತಿ. ಚೀನೀ ಹುಡುಗನಿಗೆ ಕೊಡುವ ಮುನ್ನ ಒಂದು ಕಾಳನ್ನು ನಾನು ಗುಟ್ಟಾಗಿ ನೆಕ್ಕಿದ್ದುಂಟು. ಇದು ಈವರೆಗೆ ಅಕ್ಕನಿಗೂ ಗೊತ್ತಿಲ್ಲ.

ಈಗ ಚಕ್ಕುಲಿಯ ವಿಷಯ. ಹಿಂದಿನ ವರ್ಷ ಬಾಳೆಹಣ್ಣು ಕೊಟ್ಟು ಮಾನ ಕಳೆದುಕೊಂಡೆನೆಂದು ಅಮ್ಮನಿಗೆ ಅನಿಸಿತ್ತು. 1990ರ ಹ್ಯಾಲೋವೀನ್‌ಗೆ ಎರಡು ದಿನ ಮೊದಲೇ ಚಕ್ಕುಲಿ ಒರಳು ಹೊರಬಂತು. ಅಕ್ಕಿಹಿಟ್ಟು, ಹುರಿಗಡಲೆ, ಬಿಳಿ ಎಳ್ಳು, ಧಾರಾಳವಾಗಿ ಅಲ್ಲಿನ ಬೆಣ್ಣೆ. ಬಾಣಲೆ ಕಾದು ಹೊಗೆಯೆದ್ದು ಬೆಂಕಿ ಎಚ್ಚರಿಕೆಯ ಗಂಟೆ ಮೂರು ಸಲ ಹೊಡೆದುಕೊಂಡಿತು. ಅಪ್ಪ ಸ್ಟೂಲಿನ ಮೇಲೆ ನಿಂತು ಅದಕ್ಕೆ ಟವೆಲ್ ಬೀಸಿದ್ದೇ ಬೀಸಿದ್ದು. ಎರಡೆರಡು ಚಕ್ಕುಲಿಯನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಕಿತ್ತಳೆ ಬಣ್ಣದ ಉಣ್ಣೆ ದಾರ ಕಟ್ಟಿದಳು. ನಲವತ್ತು ಪೊಟ್ಟಣ. ಬಂದ ಪ್ರತಿ ಭೂತಕ್ಕೂ, ‘ಹೋಮ್ ಮೇಡ್’ ಎಂದು ಹೆಮ್ಮೆಯಿಂದ ಹೇಳಿ ಕೊಟ್ಟಳು. ಹೊಸದಾಗಿ ಕಲಿತ ಇಂಗ್ಲಿಷಿನಲ್ಲಿ ಅವಳಿಗೆ ಅದು ತುಂಬ ಇಷ್ಟವಾದ ಮಾತು.

ಮಾರನೆಯ ದಿನ ಬೆಳಿಗ್ಗೆ ಶಾಲೆಯ ಬಸ್ಸಿಗೆ ಹೋಗುವಾಗ, ರಸ್ತೆ ತಿರುವಿನ ಕಸದ ಡಬ್ಬದಲ್ಲಿ ಏನೋ ಮಿಂಚಿತು. ಅಕ್ಕ ಮುಚ್ಚಳ ಎತ್ತಿದಳು. ಬೆಳ್ಳಿಯ ಪೊಟ್ಟಣಗಳು, ಕಿತ್ತಳೆ ದಾರ ಕಟ್ಟಿದ್ದು ಕಟ್ಟಿದ ಹಾಗೇ. ಹನ್ನೊಂದಿದ್ದವು. ಅಮ್ಮ ಒಂಬತ್ತು ಗಂಟೆಗೆ ಕಸ ಹಾಕಲು ಅಲ್ಲಿಗೇ ಬರುತ್ತಾಳೆ. ಅಕ್ಕ ಒಂದು ಮಾತೂ ಆಡದೆ ಹನ್ನೊಂದನ್ನೂ ತನ್ನ ಶಾಲೆಯ ಚೀಲಕ್ಕೆ ತುರುಕಿದಳು. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಆದಷ್ಟನ್ನು ತಿಂದೆವು. ಅವಳ ಗಣಿತದ ಪುಸ್ತಕದಲ್ಲಿ ಕ್ರಿಸ್‌ಮಸ್‌ವರೆಗೂ ಎಳ್ಳು ಸಿಗುತ್ತಿತ್ತು. ‘ಮಕ್ಕಳಿಗೆ ಹಿಡಿಸಿತೇನೋ?’ ಎಂದು ಅಮ್ಮ ಸಂಜೆ ಕೇಳಿದಾಗ, ‘ತುಂಬಾ’ ಎಂದೆ.

ಯಾಕೆ ಎಸೆದರೆಂಬುದು ಆಗ ನನಗೆ ಹೊಳೆಯಲಿಲ್ಲ. ಶಾಲೆಯಿಂದ ಬಂದ ಸುತ್ತೋಲೆಯನ್ನು ಅಕ್ಕ ಓದಿ ಹೇಳಿದಳು. ಅಂಗಡಿಯ ಸುತ್ತು ಬಿಚ್ಚದ ಮಿಠಾಯಿ ಮಾತ್ರ ತಿನ್ನಬೇಕು. ಮನೆಯಲ್ಲಿ ಮಾಡಿದ್ದು, ಹಣ್ಣು, ಏನೇ ಇದ್ದರೂ ಬಿಸಾಡಬೇಕು. ಸೇಬಿನಲ್ಲಿ ಬ್ಲೇಡು, ಮಿಠಾಯಿಯಲ್ಲಿ ವಿಷ ಎಂಬ ಭಯ ಆ ದೇಶವನ್ನು ಹಿಡಿದು ಬಹಳ ವರ್ಷಗಳಾಗಿದ್ದವು. 1974ರಲ್ಲಿ ಟೆಕ್ಸಸ್‌ನಲ್ಲಿ ಎಂಟು ವರ್ಷದ ಹುಡುಗನೊಬ್ಬ ಹ್ಯಾಲೋವೀನ್ ರಾತ್ರಿ ಸಯನೈಡ್ ಬೆರೆತ ಮಿಠಾಯಿ ತಿಂದು ಸತ್ತಿದ್ದ. 1982ರಲ್ಲಿ ಹಬ್ಬಕ್ಕೆ ಕೆಲವೇ ವಾರ ಮೊದಲು ಷಿಕಾಗೋ ಸುತ್ತಮುತ್ತ ಯಾರೋ ಟೈಲೆನಾಲ್ ಮಾತ್ರೆಗಳಿಗೆ ಸಯನೈಡ್ ಸೇರಿಸಿ ಏಳು ಮಂದಿ ಸತ್ತರು. ಅದಾದ ಮೇಲೆ ಆಸ್ಪತ್ರೆಗಳು ಮಕ್ಕಳ ಮಿಠಾಯಿ ಚೀಲಗಳಿಗೆ ಎಕ್ಸ್‌ರೇ ತೆಗೆದುಕೊಟ್ಟದ್ದೂ ಉಂಟು. ಹಿಂದೆ ಎಲ್ಲ ಮನೆಗಳಲ್ಲೂ ಕೊಡುತ್ತಿದ್ದ ಬಿಸ್ಕತ್ತು, ಬೆಲ್ಲದ ಪಾಕದಂಥ ಪಾಕದಲ್ಲಿ ಕಟ್ಟಿದ ಪಾಪ್‌ಕಾರ್ನ್ ಉಂಡೆ, ಸಕ್ಕರೆ ಪಾಕ ಮೆತ್ತಿದ ಸೇಬು ಎಲ್ಲವೂ ಹೀಗೆ ಬೀದಿ ಬಿಟ್ಟವು.

ಜೋಯಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞರು 1958ರಿಂದ ಈಚಿನ ಪತ್ರಿಕಾ ವರದಿಗಳನ್ನೆಲ್ಲ ಜಾಲಾಡಿ 1985ರಲ್ಲಿ ಸಹಲೇಖಕರೊಂದಿಗೆ ಒಂದು ಪ್ರಬಂಧ ಪ್ರಕಟಿಸಿದರು. ಬಾಗಿಲಿಗೆ ಬಂದ ಮಗುವಿಗೆ ಅಪರಿಚಿತರು ವಿಷದ ತಿಂಡಿ ಕೊಟ್ಟು ಕೊಂದ ಒಂದೇ ಒಂದು ಪ್ರಕರಣವೂ ಅವರಿಗೆ ಸಿಗಲಿಲ್ಲ. ಟೆಕ್ಸಸ್‌ನ ಆ ಹುಡುಗನಿಗೆ ವಿಷ ಕೊಟ್ಟವನು ವಿಮೆಯ ಹಣಕ್ಕೆ ಆಸೆಪಟ್ಟ ಅವನ ತಂದೆಯೇ. 1984ರಲ್ಲಿ ಅವನಿಗೆ ಮರಣದಂಡನೆಯಾಯಿತು. ನಾನು ಇದನ್ನು ಓದಿದ್ದು ಕಾಲೇಜಿನ ದಿನಗಳಲ್ಲಿ. ಓದಿದಾಗ ಮೊದಲು ಕಣ್ಣಿಗೆ ಕಟ್ಟಿದ್ದು ಉಣ್ಣೆ ದಾರದ ಆ ಹನ್ನೊಂದು ಪೊಟ್ಟಣ. ಆ ತಾಯಂದಿರ ಮೇಲೆ ಸಿಟ್ಟಿಲ್ಲ. ನನಗೂ ಈಗ ಮಗಳಿದ್ದಾಳೆ, ಗುರುತಿಲ್ಲದ ಮನೆಯ ಪೊಟ್ಟಣವನ್ನು ನಾನೂ ಎರಡು ಸಲ ತಿರುಗಿಸಿ ನೋಡುತ್ತೇನೆ.

1991ರಲ್ಲಿ ಅಮ್ಮ ಮತ್ತೆ ಒರಳು ತೆಗೆದಾಗ ನಾವಿಬ್ಬರೂ ಹಟ ಹಿಡಿದು ಅಂಗಡಿಯ ಚಾಕೊಲೇಟ್ ತರಿಸಿದೆವು. ‘ದುಡ್ಡು ಕೊಟ್ಟು ತಂದದ್ದನ್ನ ಕೊಡೋದರಲ್ಲೇನಿದೆ?’ ಎಂದು ಅವಳು ಮುಖ ದಪ್ಪ ಮಾಡಿಕೊಂಡಳು. ಆ ಗುರುವಾರ ಮಧ್ಯಾಹ್ನದ ಹೊತ್ತಿಗೆ ಹಿಮ ಬೀಳತೊಡಗಿತು. ಮಿನೆಸೋಟದವರು ಇವತ್ತಿಗೂ ವರ್ಷ ಹೇಳಿ ನೆನೆಸಿಕೊಳ್ಳುವ ಹ್ಯಾಲೋವೀನ್ ಹಿಮಪಾತ ಅದು. ನವೆಂಬರ್ 3ರ ಹೊತ್ತಿಗೆ ನಮ್ಮ ಅವಳಿ ನಗರಗಳಲ್ಲಿ 28.4 ಅಂಗುಲ, ಉತ್ತರದ ಡುಲೂತ್‌ನಲ್ಲಿ 36.9 ಅಂಗುಲ ಬಿತ್ತು. ಮಕ್ಕಳು ಬಿಟ್ಟಾರೆಯೇ? ರಾಜಕುಮಾರಿಯರೂ ರಕ್ತಪಿಶಾಚಿಗಳೂ ದಪ್ಪ ಕೋಟಿನೊಳಗೆ ವೇಷ ಮುಚ್ಚಿಕೊಂಡು ಒಂದೇ ತರಹ ಕಾಣುತ್ತ ಹೊರಟರು. ಕೋಟಿನ ಮೇಲೆ ಪಂಚೆ ಸುತ್ತಿದ ನಾನು ಭೂತಕ್ಕಿಂತ ಹಾಸಿಗೆ ಸುರುಳಿಯನ್ನು ಹೋಲುತ್ತಿದ್ದೆ. ಬಾಗಿಲು ತಟ್ಟುವವರೇ ಕಡಿಮೆಯಾದ್ದರಿಂದ ಎಲ್ಲರೂ ಹಿಡಿಹಿಡಿ ಸುರಿದರು.

ರಸ್ತೆಯಾಚೆ ಒಬ್ಬ ಒಂಟಿ ಅಜ್ಜಿಯಿದ್ದರು. ಅವರು ಮೇಣದ ಕಾಗದದಲ್ಲಿ ಸುತ್ತಿದ ಪಾಪ್‌ಕಾರ್ನ್ ಉಂಡೆ ಕೊಟ್ಟರು. ನಮ್ಮ ಅಮ್ಮನ ಹಾಗೆಯೇ, ‘ಹೋಮ್ ಮೇಡ್’ ಎಂದರು.

ಮನೆಯಲ್ಲಿ ಚೀಲ ಸುರುವಿದಾಗ ಅಪ್ಪ ಆ ಉಂಡೆಯನ್ನು ಎತ್ತಿ ಪಕ್ಕಕ್ಕಿಟ್ಟರು. ‘ಇದು ಬೇಡ. ಸುತ್ತೋಲೆಯಲ್ಲಿ ಹಾಕಿದ್ದಾರೆ, ಎಸೆದುಬಿಡಿ’ ಎಂದರು. ಅಕ್ಕ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ. ಅಮ್ಮನಿಗೆ ನಿಜಕ್ಕೂ ಆಶ್ಚರ್ಯವಾಯಿತು. ‘ಏನ್ರೀ ನೀವು! ವಯಸ್ಸಾದವರು ಕೂತು ಉಂಡೆ ಕಟ್ಟಿದ್ದಾರೆ. ಮನೇಲಿ ಮಾಡಿದ್ದನ್ನ ಯಾರಾದ್ರೂ ಎಸೀತಾರಾ?’ ಎಂದು ಕಾಗದ ಬಿಡಿಸಿ ಮೊದಲ ತುಂಡು ತಾನೇ ಕಚ್ಚಿದಳು. ಅಗಿದು, ‘ಪಾಕ ಒಂದೆಳೆ ಹೆಚ್ಚಾಗಿದೆ’ ಎಂದಳು. ಉಳಿದದ್ದನ್ನು ಮುರಿದು ಮೂವರಿಗೂ ಕೊಟ್ಟಳು. ನಾನು ಆ ದೇಶದಲ್ಲಿ ತಿಂದ ಎಲ್ಲ ಮಿಠಾಯಿಗಳಲ್ಲಿ ರುಚಿ ಇನ್ನೂ ನಾಲಿಗೆಯ ಮೇಲಿರುವುದು ಅದೊಂದೇ.

1992ರಲ್ಲಿ ಊರಿಗೆ ಮರಳಿದೆವು. ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಅಕ್ಟೋಬರ್ ಕೊನೆಗೆ ಮಕ್ಕಳು ವೇಷ ಹಾಕಿ ಬರುತ್ತಾರೆ. ಅಂಥದೇ ಒಂದು ಸಂಜೆ, ಮಕ್ಕಳು ಚಾಕೊಲೇಟ್ ಇಸಿದುಕೊಂಡು ಹೋದ ಮೇಲೆ, ಸೋಫಾದಲ್ಲಿ ಕೂತಿದ್ದ ಅಮ್ಮನಿಗೆ ಕಸದ ಡಬ್ಬದ ಕಥೆಯನ್ನು ಹೇಳಿಬಿಟ್ಟೆ. ಮೂವತ್ತಕ್ಕೂ ಹೆಚ್ಚು ವರ್ಷ ಬಚ್ಚಿಟ್ಟದ್ದು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

‘ಎಣ್ಣೆ ವಾಸನೆ ಬಂದಿತ್ತೇನೋ?’ ಎಂದಳು.

‘ಇಲ್ಲಮ್ಮ, ಚೆನ್ನಾಗೇ ಇತ್ತು. ನಾವೇ ತಿಂದ್ವಲ್ಲ.’

‘ನಿಂಗೇನು ಗೊತ್ತಾಗುತ್ತೆ. ಅಲ್ಲಿ ಸಿಗ್ತಿದ್ದದ್ದು ಮೆಕ್ಕೆಜೋಳದ ಎಣ್ಣೆ ಕಣೋ. ಎರಡು ದಿನ ಮುಂಚೆ ಕರಿದದ್ದೇ ತಪ್ಪಾಯ್ತು. ಅವತ್ತು ಬೆಳಿಗ್ಗೇನೇ ಮಾಡಬೇಕಿತ್ತು.’